ಕುಳಿತರೆ ಉರಿಯುವ ನರ: ಕತ್ತರಿಗೆ ಮೊದಲು ಬೆರಳು

ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಜಾಗದಲ್ಲಿ ಉರಿ ಎಂದರೆ ನಮ್ಮಲ್ಲಿ ಬರುವ ಮೊದಲ ತೀರ್ಪು ‘ಉಷ್ಣ’. ಎಳನೀರು, ಬಾರ್ಲಿ ನೀರು, ತಲೆಗೆ ಹರಳೆಣ್ಣೆ. ಅದಕ್ಕೆ ಬಗ್ಗದಿದ್ದರೆ ಮೂಲವ್ಯಾಧಿಯ ಅನುಮಾನ. ಆಮೇಲೆ ಗಂಡಸಿಗೆ ಪ್ರಾಸ್ಟೇಟ್ ಸೋಂಕೆಂದು, ಹೆಂಗಸಿಗೆ ಮೂತ್ರದ ಸೋಂಕೆಂದು ಆಂಟಿಬಯೋಟಿಕ್ ಮಾತ್ರೆ. ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದರೆ ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂಬ ಉಪದೇಶ. ಕುಳಿತಾಗ ಏರುವ, ಎದ್ದರೆ ಇಳಿಯುವ, ಕಮೋಡಿನ ಮೇಲೆ ಕುಳಿತಾಗ ಮಾತ್ರ ಅಷ್ಟಾಗಿ ಕಾಡದ ನೋವು ಅದು ಎಂದು ರೋಗಿ ಹೇಳಿದರೂ ಕಿವಿಗೆ ಹಾಕಿಕೊಳ್ಳುವವರು ಕಡಿಮೆ. ರೋಗದ ಗುರುತು ಇರುವುದೇ ಆ ಮಾತಿನಲ್ಲಿ. ಕಮೋಡಿನ ನಡುವೆ ಖಾಲಿ ಇರುತ್ತದೆ, ಆದ್ದರಿಂದ ಆ ಜಾಗದ ಮೇಲೆ ಒತ್ತಡ ಬೀಳುವುದಿಲ್ಲ.

ನೋಯುತ್ತಿರುವುದು ಪುಡೆಂಡಲ್ ಎಂಬ ನರ. ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಎರಡು, ಮೂರು ಮತ್ತು ನಾಲ್ಕನೆಯ ನರಮೂಲಗಳಿಂದ ಹುಟ್ಟುವ ಇದು ನೇರ ದಾರಿ ಹಿಡಿಯುವುದಿಲ್ಲ. ಶ್ರೋಣಿಯಿಂದ, ಎಂದರೆ ಸೊಂಟದ ಮೂಳೆಗಳ ಬಟ್ಟಲಿನಿಂದ, ಒಮ್ಮೆ ಹೊರಗೆ ಬಂದು, ಒಂದು ಮೂಳೆಯ ಮೊನೆಯನ್ನು ಬಳಸಿ, ಮೂಳೆಗೆ ಮೂಳೆ ಬಿಗಿಯುವ ಎರಡು ಗಟ್ಟಿ ಅಸ್ಥಿರಜ್ಜುಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ತೂರಿ, ಮತ್ತೆ ಒಳಗೆ ಹೋಗುತ್ತದೆ. ಆಮೇಲೊಂದು ಕಿರಿದಾದ ಕಾಲುವೆಯಲ್ಲಿ ಸಾಗಿ ಗುದ, ಜನನಾಂಗ ಮತ್ತು ಅವೆರಡರ ನಡುವಿನ ಮೂಲಾಧಾರಕ್ಕೆ ಮೂರು ಕವಲಾಗುತ್ತದೆ. ಆ ಕಾಲುವೆಯನ್ನು 1830ರ ದಶಕದಲ್ಲಿ ವಿವರಿಸಿದವನು ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್. ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಈತ ಜಗಳಕ್ಕೆ ಸಿಕ್ಕಿ ಹುದ್ದೆ ಕಳೆದುಕೊಂಡು ಅಮೆರಿಕಕ್ಕೆ ಹೊರಟುಹೋದ. ಅವನ ಹೆಸರು ಮಾತ್ರ ಕಾಲುವೆಗೆ ಅಂಟಿಕೊಂಡು ಉಳಿಯಿತು.

ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಆ ಕಾಲುವೆಯ ಗೋಡೆ. ಅದು ಮೂಳೆಯದಲ್ಲ. ಆಬ್ಟುರೇಟರ್ ಇಂಟರ್ನಸ್ ಎಂಬ ಸ್ನಾಯುವಿನ ಹೊದಿಕೆಯೇ ಅಲ್ಲಿ ಸೀಳಿ, ನರಕ್ಕೂ ಜೊತೆಯ ರಕ್ತನಾಳಗಳಿಗೂ ದಾರಿ ಬಿಟ್ಟಿದೆ. ತೊಡೆಯನ್ನು ಹೊರಕ್ಕೆ ತಿರುಗಿಸುವ ಸ್ನಾಯು ಅದು. ಶ್ರೋಣಿಯ ತಳವನ್ನು ತೊಟ್ಟಿಲಿನ ಹಾಗೆ ಹಿಡಿದಿರುವ ಸ್ನಾಯುಗಳೂ ಅದರ ಹೊದಿಕೆಗೇ ಅಂಟಿಕೊಂಡಿವೆ. ನೋವಿಗೆ ಹೆದರಿ ಆ ಭಾಗವನ್ನು ಬಿಗಿಹಿಡಿದು ಕೂರುವವರಲ್ಲಿ ಸ್ನಾಯು ಸೆಟೆಯುತ್ತದೆ, ಸೆಟೆದ ಸ್ನಾಯು ನರವನ್ನು ಕೆಣಕುತ್ತದೆ, ನರ ಕೆರಳಿದರೆ ಬಿಗಿತ ಇನ್ನೂ ಹೆಚ್ಚುತ್ತದೆ. ಈ ಸುತ್ತನ್ನು ಬಿಡಿಸುವ ಕೆಲಸ ಫಿಸಿಯೋಥೆರಪಿಯದು. ತರಬೇತಾದ ಚಿಕಿತ್ಸಕಿ ರೋಗಿಯ ಒಪ್ಪಿಗೆ ಪಡೆದು, ಕೈಗವಸು ತೊಟ್ಟು, ಯೋನಿ ಅಥವಾ ಗುದದ ಒಳಗಿನಿಂದ ಒಂದೇ ಬೆರಳಲ್ಲಿ ಆ ಸ್ನಾಯುವನ್ನು ಹುಡುಕುತ್ತಾರೆ. ಹೊರಗಿನಿಂದ ಮೊಣಕಾಲಿಗೆ ಕೈ ಕೊಟ್ಟು ‘ಇದನ್ನು ಹೊರಕ್ಕೆ ತಳ್ಳಿ’ ಎಂದರೆ ಒಳಗಿನ ಬೆರಳ ಕೆಳಗೆ ಸ್ನಾಯು ಉಬ್ಬುತ್ತದೆ. ಗಂಟು ಸಿಕ್ಕಲ್ಲಿ ಒತ್ತಿ ಹಿಡಿದು ಸಡಿಲವಾಗಲು ಬಿಡುತ್ತಾರೆ. ಹೊಟ್ಟೆಯ ಆಳದಿಂದ ಉಸಿರಾಡುವುದನ್ನೂ ಕಲಿಸುತ್ತಾರೆ, ಏಕೆಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆ ಇಳಿದಾಗ ಶ್ರೋಣಿಯ ತಳವೂ ಅದರೊಡನೆ ಇಳಿಯುತ್ತದೆ.

ಈ ಚಿಕಿತ್ಸೆಗೆ ಇರುವ ಗಟ್ಟಿ ಪುರಾವೆ ಪಕ್ಕದ ಕಾಯಿಲೆಯದು. ಮೂತ್ರಕೋಶದ ನೋವಿದ್ದ 81 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ರೋಣಿಯ ಸ್ನಾಯುಗಳಿಗೆ ಕೈಚಿಕಿತ್ಸೆ ಪಡೆದವರಲ್ಲಿ ಶೇ. 59 ಮಂದಿಗೆ, ಮಾಮೂಲಿ ಮಸಾಜ್ ಪಡೆದವರಲ್ಲಿ ಶೇ. 26 ಮಂದಿಗೆ ಗುಣ ಕಂಡಿತು. ಪುಡೆಂಡಲ್ ನರದ ನೋವಿಗೆ ಇದನ್ನು ಹಾಗೇ ಅನ್ವಯಿಸಲು ಬಾರದು, ದಿಕ್ಕು ತೋರಿಸುತ್ತದೆ ಅಷ್ಟೆ.

ಸಿಟ್ಟು ಬರುವುದು ಇಲ್ಲಿ. ಶ್ರೋಣಿಗೆ ವ್ಯಾಯಾಮ ಎಂದೊಡನೆ, ಅದರ ತಳದ ಸ್ನಾಯುಗಳನ್ನು ಬಿಗಿಮಾಡಿ ಬಿಡುವ ಕೆಗೆಲ್ ಎನ್ನುತ್ತಾರೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಅದನ್ನು ಮುಂದಿಟ್ಟಿದ್ದು ಹೆರಿಗೆಯ ನಂತರ ಸಡಿಲಾದ ಸ್ನಾಯುಗಳನ್ನು ಗಟ್ಟಿಮಾಡಲು. ನಮ್ಮ ಯೋಗ ತರಗತಿಗಳ ಮೂಲಬಂಧ, ಅಶ್ವಿನಿ ಮುದ್ರೆಗಳೂ ಮಾಡುವುದು ಅದೇ ಬಿಗಿತವನ್ನು. ಮೊದಲೇ ಸೆಟೆದ ಸ್ನಾಯುವನ್ನು ದಿನಕ್ಕೆ ನೂರು ಸಲ ಬಿಗಿಮಾಡಿಸಿದರೆ ನೋವು ಹೆಚ್ಚದೆ ಇನ್ನೇನಾದೀತು? ಆಮೇಲೆ ‘ಫಿಸಿಯೋಥೆರಪಿ ಮಾಡಿಸಿ ನೋಡಿದೆ, ಉಪಯೋಗವಾಗಲಿಲ್ಲ’ ಎಂದು ರೋಗಿ ಶಸ್ತ್ರಚಿಕಿತ್ಸಕನ ಬಾಗಿಲು ತಟ್ಟುತ್ತಾನೆ. ಅವನು ಮಾಡಿಸಿದ್ದು ಬೇಕಾದದ್ದರ ತದ್ವಿರುದ್ಧ.

ಈ ನರದ ಶಸ್ತ್ರಚಿಕಿತ್ಸೆಯ ತವರು ಫ್ರಾನ್ಸ್. ಸೈಕಲ್ ಸವಾರರಲ್ಲಿ ಈ ನರ ನಲುಗುವುದನ್ನು ಜೆರಾರ್ ಅಮರೆಂಕೊ 1987ರಲ್ಲಿ ವರದಿ ಮಾಡಿದರು. ನಾಂತ್ ನಗರದ ರೋಜೆ ರೊಬೇರ್ ಪೃಷ್ಠದ ಮೂಲಕ ಒಳಹೊಕ್ಕು, ಅಡಕತ್ತರಿಯ ಅಲಗುಗಳಂಥ ರಜ್ಜುಗಳನ್ನು ಕತ್ತರಿಸಿ, ನರವನ್ನು ಬಿಡಿಸಿ ಮುಂದಕ್ಕೆ ಸರಿಸುವ ವಿಧಾನ ರೂಪಿಸಿದರು. 2005ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು 32 ಮಂದಿ. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 71.4, ಆಗದವರಲ್ಲಿ ಶೇ. 13.3 ಮಂದಿ ಸುಧಾರಿಸಿದ್ದರು. ಅಂತರ ದೊಡ್ಡದು. ಆದರೆ ಗುಂಪು ಚಿಕ್ಕದು, ಹುಸಿ ಶಸ್ತ್ರಚಿಕಿತ್ಸೆಯ ಹೋಲಿಕೆ ಇರಲಿಲ್ಲ, ಯಾರಿಗೆ ಕತ್ತರಿ ಬಿತ್ತೆಂಬುದು ರೋಗಿಗೂ ಗೊತ್ತಿತ್ತು. ಸುಧಾರಣೆ ಎಂದರೆ ನೋವು ಪೂರ್ತಿ ಹೋಯಿತೆಂದೂ ಅರ್ಥವಲ್ಲ.

ನರ ಸಿಕ್ಕಿಕೊಂಡ ಈ ರೋಗವನ್ನು ಗುರುತಿಸಲು ನಾಂತ್ ಊರಿನ ಹೆಸರಿನ ಐದು ಮಾನದಂಡಗಳು 2008ರಲ್ಲಿ ಬಂದವು. ನೋವು ಈ ನರದ ಸೀಮೆಯಲ್ಲೇ ಇರಬೇಕು, ಕುಳಿತರೆ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷಿಸಿದಾಗ ಸ್ಪರ್ಶಜ್ಞಾನ ಕಳೆದುಹೋಗಿರಬಾರದು, ನರದ ಬಳಿ ಅರಿವಳಿಕೆ ಚುಚ್ಚಿದರೆ ನೋವು ಸ್ವಲ್ಪ ಹೊತ್ತು ನಿಲ್ಲಬೇಕು. ಕೊನೆಯದನ್ನು ಜನ ತಪ್ಪಾಗಿ ಓದುತ್ತಾರೆ. ಚುಚ್ಚುಮದ್ದಿಗೆ ನೋವು ನಿಂತರೆ ನರ ಸಿಕ್ಕಿಕೊಂಡಿದೆ ಎಂದು ಸಾಬೀತಾಗುವುದಿಲ್ಲ, ನೋವಿನ ಸುದ್ದಿ ಆ ನರದಲ್ಲೇ ಹೋಗುತ್ತಿದೆ ಎಂದಷ್ಟೇ ತಿಳಿಯುತ್ತದೆ. ಸ್ನಾಯು ಹಿಂಡಿದರೂ ಸುದ್ದಿ ಹೋಗುವುದು ಅದೇ ದಾರಿಯಲ್ಲಿ. ಅರಿವಳಿಕೆಯ ಜೊತೆ ಸ್ಟೀರಾಯ್ಡ್ ಸೇರಿಸಿದರೆ ಹೆಚ್ಚು ಕಾಲ ಬಾಳುತ್ತದೆ ಎಂಬ ನಂಬಿಕೆಯನ್ನೂ 201 ರೋಗಿಗಳ ಮೇಲಿನ 2017ರ ಪ್ರಯೋಗ ಎತ್ತಿಹಿಡಿಯಲಿಲ್ಲ.

ಹಾಗಾಗಿ ನನ್ನ ಪಕ್ಷಪಾತ ಬೆರಳಿನ ಕಡೆಗೆ: ಮೊದಲು ಕೆಲವು ತಿಂಗಳ ಸರಿಯಾದ ಫಿಸಿಯೋಥೆರಪಿ, ಸೈಕಲ್ಲಿಗೆ ಬಿಡುವು, ನಡುವೆ ಕತ್ತರಿಸಿದ ಕೂರುಮೆತ್ತೆ. ಅದರಿಂದ ಕೆಡುವಂಥದ್ದು ಕಡಿಮೆ. ಕತ್ತರಿಸಿದ ರಜ್ಜು ಮಾತ್ರ ಮೊದಲಿನಂತಾಗುವುದಿಲ್ಲ. ಒಂದು ವಿನಾಯಿತಿ ಇದೆ. ಜಾರಿದ ಗರ್ಭಕೋಶವನ್ನು ರಜ್ಜುವಿಗೆ ಹೊಲಿಗೆ ಹಾಕಿ ನಿಲ್ಲಿಸಿದ ಶಸ್ತ್ರಚಿಕಿತ್ಸೆಯ ಮರುದಿನವೇ ಪೃಷ್ಠದಲ್ಲಿ ತೀವ್ರ ನೋವು ಎದ್ದರೆ, ಹೊಲಿಗೆಗೇ ನರ ಸಿಕ್ಕಿರಬಹುದು. ಆಗ ವ್ಯಾಯಾಮಕ್ಕೆ ಕಳಿಸುತ್ತ ದಿನ ದೂಡುವುದು ಅಪರಾಧ. ಹೊಲಿಗೆಯನ್ನು ಬೇಗ ಬಿಚ್ಚಬೇಕು.

ಉಳಿದವರೂ ಫಿಸಿಯೋಥೆರಪಿ ಫಲಿಸದಿದ್ದರೆ ವರ್ಷಗಟ್ಟಲೆ ಕಾಯುತ್ತ ಕೂರಬಾರದು. ದೀರ್ಘಕಾಲ ಕೆರಳಿದ ನರ ಬೆನ್ನುಹುರಿಯನ್ನೇ ನೋವಿಗೆ ಅತಿ ಚುರುಕಾಗಿಸಿಬಿಡುತ್ತದೆ ಎಂಬ ಈಗಿನ ತಿಳಿವಳಿಕೆ, ಗಾಯದ ನಂತರ ಹಾಗಾಗುವುದನ್ನು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದ ಪ್ರಯೋಗದ ಜಾಡಿನಲ್ಲಿ ಬೆಳೆದದ್ದು. ಆ ಹಂತ ತಲುಪಿದರೆ ಕೆಳಗೆ ಅಡಕತ್ತರಿ ತೆರೆದರೂ ಮೇಲಿನ ಗಂಟೆ ಬಾರಿಸುತ್ತಲೇ ಇರುತ್ತದೆ. ಹಾಳಾದ ನರತಂತು ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಆದ್ದರಿಂದ ಶಸ್ತ್ರಚಿಕಿತ್ಸೆಯ ಫಲ ಕಾಣಲು ವರ್ಷವೇ ಹಿಡಿಯಬಹುದು. ಆ ವರ್ಷದಲ್ಲಿ ಹಳೆಯ ಬಿಗಿತವನ್ನು ಬಿಡಿಸಲು ರೋಗಿ ಮತ್ತೆ ಹೋಗಬೇಕಾದದ್ದು ಫಿಸಿಯೋಥೆರಪಿಸ್ಟ್ ಹತ್ತಿರವೇ. ಅಲ್ಲಿ ಮೊದಲ ದಿನವೇ ಒಳಪರೀಕ್ಷೆಯ ಮಾತೆತ್ತದೆ ಕೆಗೆಲ್ ವ್ಯಾಯಾಮದ ಚೀಟಿ ಕೈಗಿಟ್ಟರೆ ಬೇರೆಯವರನ್ನು ಹುಡುಕಿ.