ಕೆನೆ ಕಟ್ಟಿದ ಆಕಾಶ: ಮಿಡ್‌ವೆಸ್ಟ್‌ನ ಜೂನ್ ಸೆಕೆ, ಗುಡುಗು ಮಳೆ ಕುರಿತು ಕಲಿಯುವವರಿಗೆ ಒಂದು ಟಿಪ್ಪಣಿ

ಹಾಲು ಕಾಯಲು ಇಟ್ಟು ಪಕ್ಕದಲ್ಲೇ ನಿಂತು ನೋಡಿ. ಸ್ವಲ್ಪ ಹೊತ್ತಿಗೆ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ. ಕೆಳಗೆ ಹಾಲು ಬಿಸಿಯಾಗುತ್ತಲೇ ಇರುತ್ತದೆ, ಮೇಲೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಆವಿ ಕೆನೆಯ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಂದು ಕಡೆ ಕೆನೆ ಉಬ್ಬುತ್ತದೆ, ನೋಡನೋಡುತ್ತಲೇ ಸ್ಟವ್ ತುಂಬ ಹಾಲು. ಬರೀ ನೀರು ಇಟ್ಟರೆ ಹೀಗಾಗುವುದಿಲ್ಲ. ನೀರು ಕುದಿಯುತ್ತದೆ, ಉಕ್ಕುವುದಿಲ್ಲ.

ಅಮೆರಿಕದ ಮಿಡ್‌ವೆಸ್ಟ್‌ನ (ಅಂದರೆ ಉತ್ತರದ ನಡುಭಾಗದ) ಜೂನ್ ತಿಂಗಳ ಆಕಾಶ ನನಗೆ ಅರ್ಥವಾಗತೊಡಗಿದ್ದು ಈ ಹಾಲಿನ ಪಾತ್ರೆಯಿಂದ. ನಾನಿರುವುದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ಊರು ದಾಟಿದರೆ ನಾಲ್ಕೂ ದಿಕ್ಕಿಗೆ ಮೆಕ್ಕೆಜೋಳ, ಸೋಯಾ ಹೊಲ. ಗುಡ್ಡವಿಲ್ಲ, ಕಾಡಿಲ್ಲ, ಆಕಾಶ ಪೂರ್ತಿ ಕಾಣುತ್ತದೆ. ಹವಾಮಾನ ಗಮನಿಸಲು ಹೊಸದಾಗಿ ಶುರು ಮಾಡಿದ ಗೆಳೆಯರೆಲ್ಲ ಮೊದಲು ಕೇಳುವುದು ಒಂದೇ: "ಇಷ್ಟು ಬಿಸಿ ಇದೆ, ಇವತ್ತು ಗುಡುಗು ಮಳೆ ಗ್ಯಾರಂಟಿ ಅಲ್ವಾ?" ಹಾಗೇನಿಲ್ಲ. ಎಷ್ಟೋ ಸಲ ಅತಿ ಹೆಚ್ಚು ಬಿಸಿ ಇರುವ ದಿನವೇ ಒಂದು ಹನಿಯೂ ಬೀಳುವುದಿಲ್ಲ. ಯಾಕೆ ಅನ್ನುವುದನ್ನು ನೋಡೋಣ.

ಸೆಕೆ ಬೇರೆ, ಬಿಸಿಲು ಬೇರೆ

ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ರಾಯಚೂರಿನಲ್ಲಿ ಮೇ ತಿಂಗಳು 40 ಡಿಗ್ರಿ ದಾಟಿದರೆ ಬಿಸಿಲು, ಧಗೆ ಅನ್ನುತ್ತೇವೆ. ಮಂಗಳೂರಿನಲ್ಲಿ 34 ಇದ್ದರೂ ಅಂಗಿ ಮೈಗೆ ಅಂಟುತ್ತದೆ. ಅದು ಸೆಕೆ. ಸೆಕೆಯನ್ನು ಅಳೆಯುವ ಅಂಕಿಯೇ ಡ್ಯೂ ಪಾಯಿಂಟ್, ಪಠ್ಯಪುಸ್ತಕದ ಮಾತಿನಲ್ಲಿ ಇಬ್ಬನಿ ಬಿಂದು. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಎಷ್ಟು ಡಿಗ್ರಿಗೆ ಅದರ ನೀರು ಹನಿಯಾಗಿ ಕೂರುತ್ತದೋ ಆ ಡಿಗ್ರಿ ಅದು. ಫ್ರಿಜ್‌ನಿಂದ ತೆಗೆದ ಲೋಟದ ಹೊರಗೆ ನೀರು ಜಿನುಗುವುದು ಇದೇ ಲೆಕ್ಕದಲ್ಲಿ.

ಹೊಸಬರು ಸಾಮಾನ್ಯವಾಗಿ ಶೇಕಡಾವಾರು ತೇವಾಂಶ ನೋಡುತ್ತಾರೆ. ಅದನ್ನು ನಂಬಿ ಕೂತರೆ ದಾರಿ ತಪ್ಪುತ್ತದೆ. ಬೆಳಗ್ಗೆ 6ಕ್ಕೆ ಬಿಸಿ 72 ಫ್ಯಾರನ್‌ಹೀಟ್, ಡ್ಯೂ ಪಾಯಿಂಟ್ 71 ಅಂದುಕೊಳ್ಳಿ. ತೇವಾಂಶ ಶೇ. 97 ಎಂದು ತೋರಿಸುತ್ತದೆ. ಮಧ್ಯಾಹ್ನ ಬಿಸಿ 95, ಡ್ಯೂ ಪಾಯಿಂಟ್ 73. ಈಗ ತೇವಾಂಶ ಶೇ. 49. ಗಾಳಿ ಒಣಗಿತು ಅನ್ನಿಸುತ್ತದೆ, ಆದರೆ ಗಾಳಿಯಲ್ಲಿರುವ ನೀರು ಬೆಳಗ್ಗೆಗಿಂತ ಜಾಸ್ತಿಯೇ ಆಗಿದೆ. ಅದಕ್ಕೇ ಡ್ಯೂ ಪಾಯಿಂಟ್ ಒಂದನ್ನೇ ನೋಡಿ. 60ರ ಒಳಗಿದ್ದರೆ ಹಾಯಾಗಿರುತ್ತದೆ. 70 ದಾಟಿದರೆ ಸೆಕೆ. 75 ಮುಟ್ಟಿತು ಅಂದರೆ ಮಂಗಳೂರೇ, ಗುಡುಗು ಮೋಡಕ್ಕೂ ಭರ್ತಿ ಉರುವಲು ಸಿಕ್ಕಂತೆ.

ಇಷ್ಟು ನೀರು ಸಮುದ್ರವಿಲ್ಲದ ಊರಿಗೆ ಬರುವುದು ದಕ್ಷಿಣದ ಗಲ್ಫ್ ಆಫ್ ಮೆಕ್ಸಿಕೋ ಕೊಲ್ಲಿಯಿಂದ. ನಡುವೆ ಅಡ್ಡ ನಿಲ್ಲುವ ಘಟ್ಟಗಳಿಲ್ಲ. ದಕ್ಷಿಣದ ಗಾಳಿ ಒಂದೆರಡು ದಿನ ಬೀಸಿದರೆ ಸಾಕು. ಹೊಲಗಳದೂ ಪಾಲಿದೆ: ಭರ್ತಿ ಬೆಳೆದ ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ 11 ಸಾವಿರದಿಂದ 15 ಸಾವಿರ ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಆದರೆ ಅದು ಜುಲೈ, ಆಗಸ್ಟ್ ಕಥೆ. ಜೂನ್ ಮೊದಲ ವಾರ ಪೈರು ಇನ್ನೂ ಚಿಕ್ಕದು. ಆಗಿನ ಸೆಕೆ ಹೆಚ್ಚಿನಂಶ ಕೊಲ್ಲಿಯದೇ.

ಕೆನೆ ಎಲ್ಲಿಂದ ಬರುತ್ತದೆ

ಮೆಕ್ಸಿಕೋದ ಎತ್ತರದ ಪ್ರಸ್ಥಭೂಮಿ, ಅಮೆರಿಕದ ನೈಋತ್ಯದ ಮರುಭೂಮಿ, ಇವೆರಡರ ಮೇಲೆ ಗಾಳಿ ಚೆನ್ನಾಗಿ ಕಾದು ಒಣಗಿರುತ್ತದೆ. ಆ ನೆಲವೇ ಎತ್ತರದಲ್ಲಿದೆ. ಅಲ್ಲಿನ ಗಾಳಿ ಪೂರ್ವಕ್ಕೆ ಸರಿದು ಬಯಲಿಗೆ ಬಂದಾಗ ಕೆಳಗಿಳಿಯದೆ, ಕೊಲ್ಲಿಯ ಒದ್ದೆ ಗಾಳಿಯ ಮೇಲೆ ಹಾಸಿಕೊಳ್ಳುತ್ತದೆ. ನೆಲದಿಂದ ಒಂದೂವರೆ, ಎರಡು ಕಿಲೋಮೀಟರ್ ಮೇಲೆ ಬಿಸಿಯಾದ ಒಣ ಪದರ. ಇದೇ ನಮ್ಮ ಕೆನೆ, ಇಲ್ಲಿಯವರು ಕ್ಯಾಪ್ ಅನ್ನುತ್ತಾರೆ.

ನೆಲದ ಹತ್ತಿರ ಕಾದ ಗಾಳಿ ಮೇಲೇಳುತ್ತದೆ, ಏಳುತ್ತಾ ತಣ್ಣಗಾಗುತ್ತದೆ. ಈ ಪದರ ಮುಟ್ಟಿದಾಗ ಸುತ್ತಲಿನದಕ್ಕಿಂತ ತಾನೇ ತಣ್ಣಗಿರುತ್ತದೆ. ಅಲ್ಲಿಗೆ ನಿಂತುಹೋಗುತ್ತದೆ. ಬಿಸಿಗಾಳಿಯ ದೊಡ್ಡ ಗುಮ್ಮಟ (ಹೀಟ್ ಡೋಮ್) ಊರಿನ ಮೇಲೆ ಕೂತಿದ್ದರೆ ಇನ್ನೂ ಕಷ್ಟ. ಅದರಡಿ ಗಾಳಿ ಮೇಲಿನಿಂದ ಕೆಳಕ್ಕೆ ಒತ್ತಿಕೊಂಡು ಇಳಿಯುತ್ತದೆ, ಇಳಿಯುತ್ತಾ ಬಿಸಿಯಾಗುತ್ತದೆ, ಕೆನೆ ಮತ್ತಷ್ಟು ದಪ್ಪವಾಗುತ್ತದೆ. ಅತಿ ಬಿಸಿಯ ದಿನ ಆಕಾಶ ಸುಮ್ನೆ ಇರುವುದು ಇದರಿಂದ.

ಇದನ್ನು ಕಣ್ಣಾರೆ ನೋಡಬಹುದು. ನಮ್ಮಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಲಿಂಕನ್‌ನಿಂದ, ಅಯೋವಾದ ಡೇವನ್‌ಪೋರ್ಟ್‌ನಿಂದ ಹವಾಮಾನ ಬಲೂನು ಹಾರಿಸುತ್ತಾರೆ. ಬೇಸಿಗೆಯ ಗಡಿಯಾರದಲ್ಲಿ ಬೆಳಗ್ಗೆ 7, ಸಂಜೆ 7ರ ಲೆಕ್ಕಕ್ಕೆ. ಅದು ಏರುತ್ತಾ ಅಳೆದದ್ದನ್ನು ಎತ್ತರದ ಪ್ರಕಾರ ತೋರಿಸುವ ನಕ್ಷೆಯೇ ಸ್ಕ್ಯೂ-ಟಿ. ಕೆಂಪು ಗೆರೆ ಬಿಸಿ, ಹಸಿರು ಗೆರೆ ಡ್ಯೂ ಪಾಯಿಂಟ್. ಕೆಳಗೆ ಎರಡೂ ಹತ್ತಿರ ಇರುತ್ತವೆ. ಸ್ವಲ್ಪ ಮೇಲೆ ಕೆಂಪು ಗೆರೆ ಮೂಗಿನ ಹಾಗೆ ಬಲಕ್ಕೆ ಚಾಚಿ, ಹಸಿರು ಎಡಕ್ಕೆ ಓಡಿದ್ದರೆ ಅದೇ ಕೆನೆ. ಗಾಳಿಯ ಒತ್ತಡ 700 ಮಿಲಿಬಾರ್ ಇರುವ ಮಟ್ಟದಲ್ಲಿ, ಅಂದರೆ ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ, 12 ಸೆಲ್ಸಿಯಸ್‌ಗಿಂತ ಜಾಸ್ತಿ ಇದ್ದರೆ ಒಡೆಯುವುದು ಕಷ್ಟ ಎಂದು ಇಲ್ಲಿ ಒಂದು ಅಂದಾಜಿನ ಲೆಕ್ಕವಿದೆ.

ಅದೇ ನಕ್ಷೆಯಲ್ಲಿ ಕೇಪ್ (CAPE; ಮೇಲೆ ಹೇಳಿದ ಕ್ಯಾಪ್ ಅಲ್ಲ) ಎಂಬ ಅಂಕಿ ಇರುತ್ತದೆ. ಮೇಲೇಳುವ ಗಾಳಿಗೆ ಕಿಲೋಗ್ರಾಮಿಗೆ ಎಷ್ಟು ಜೂಲ್ ಶಕ್ತಿ ಸಿಗಬಹುದು ಅನ್ನುವ ಲೆಕ್ಕ. ಅದನ್ನು ಎರಡರಿಂದ ಗುಣಿಸಿ ವರ್ಗಮೂಲ ತೆಗೆದರೆ ಗಾಳಿ ಏರುವ ವೇಗದ ಮೇಲ್ಮಿತಿ ಬರುತ್ತದೆ. ಕೇಪ್ 2500 ಇದ್ದರೆ ಸೆಕೆಂಡಿಗೆ ಸುಮಾರು 70 ಮೀಟರ್. ನಿಜದಲ್ಲಿ ಅದರ ಅರ್ಧ ಅಂದುಕೊಂಡರೂ ಗಂಟೆಗೆ 125 ಕಿಲೋಮೀಟರ್, ಅದೂ ನೇರ ಮೇಲಕ್ಕೆ! ಆಲಿಕಲ್ಲು ಅಷ್ಟು ದಪ್ಪ ಬೆಳೆಯುವವರೆಗೂ ಬೀಳದೆ ಮೇಲೆಯೇ ಉಳಿಯುವುದು ಹೀಗೆ. ಆದರೆ ಕೇಪ್ ಪಾತ್ರೆಯೊಳಗಿನ ಹಾಲು ಅಷ್ಟೇ. ಕೆನೆ ಒಡೆಯದಿದ್ದರೆ 5000 ಇದ್ದರೂ ಸಂಜೆ ಸುಮ್ಮನೆ ಕಳೆದುಹೋಗುತ್ತದೆ.

ನಕ್ಷೆ ಬೇಡ ಅನ್ನುವವರು ಸಂಜೆ 4ರ ಹೊತ್ತಿಗೆ ನೈಋತ್ಯಕ್ಕೆ ಮುಖ ಮಾಡಿ ಕೂರಲಿ. ನಾನು ಹಿತ್ತಿಲ ಮೆಟ್ಟಿಲ ಮೇಲೆ ಹೀಗೆ ಕೂತೇ ಜಾಸ್ತಿ ಕಲಿತದ್ದು. ಒಂದು ಮೋಡ ತೆಳ್ಳಗೆ, ಕತ್ತು ಚಾಚಿದ ಹಾಗೆ ಏಳುತ್ತದೆ. ತುದಿ ಒಣಗಾಳಿಗೆ ಸಿಕ್ಕಿ ಹಿಂಜಿದ ಹತ್ತಿಯಂತೆ ಎಳೆ ಎಳೆಯಾಗುತ್ತದೆ. ಹದಿನೈದು ನಿಮಿಷಕ್ಕೆ ಅದು ಇಲ್ಲ. ಪಕ್ಕದಲ್ಲಿ ಇನ್ನೊಂದು, ಅದೂ ಹೋಯಿತು. ಕೆನೆ ಗಟ್ಟಿಯಾಗಿದೆ ಎಂದರ್ಥ. ಆಮೇಲೆ ಒಂದು ಮೋಡದ ಅಂಚು ಹೂಕೋಸಿನ ಹಾಗೆ ಗಟ್ಟಿಯಾಗಿ, ಚೂಪಾಗಿ ನಿಲ್ಲುತ್ತದೆ. ಕರಗುವುದಿಲ್ಲ. ಎದ್ದು ರೇಡಾರ್ ತೆರೆಯಬೇಕಾದ ಹೊತ್ತು ಅದು. ಅರ್ಧ ಗಂಟೆಯಲ್ಲಿ ತಲೆ ಅಗಲವಾಗಿ ಕೊಡೆ ಬಿಚ್ಚಿಕೊಳ್ಳುತ್ತದೆ.

ಅಂಚಿನಲ್ಲಿ ಉಕ್ಕುವುದು

ಗುಮ್ಮಟದ ನಡುವೆ ಮಳೆಯಿಲ್ಲ ಅಂದೆ. ಅಂಚಿಗೆ ಬನ್ನಿ. ಅಲ್ಲಿ ಕೆನೆ ತೆಳು, ಕೆಳಗೆ ಸೆಕೆ ಹಾಗೇ ಇದೆ, ಮೇಲೆ ಜೋರು ಗಾಳಿ ಇದೆ. ಮಳೆಯ ಗುಂಪುಗಳು ಒಂದರ ಹಿಂದೆ ಒಂದು ಗುಮ್ಮಟವನ್ನು ಸುತ್ತಿಕೊಂಡು ಓಡುತ್ತವೆ. ಇದಕ್ಕೆ ಇಲ್ಲಿಯವರ ಹೆಸರು ರಿಂಗ್ ಆಫ್ ಫೈರ್.

ಕಲಿಯಲು 2012ರ ಜೂನ್ ಕೊನೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜೂನ್ 28ರಂದು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ 106 ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ 41. ಆ ಊರಿನ ಹಳೆಯ ದಾಖಲೆಗೆ ಸಮ. ಮಾರನೆಯ ದಿನ ಗುಮ್ಮಟದ ಉತ್ತರ ಅಂಚಿನಲ್ಲಿ ಮಳೆಯ ಸಾಲೊಂದು ಹುಟ್ಟಿತು. ಮಧ್ಯಾಹ್ನ ಅದೇ ಫೋರ್ಟ್ ವೇನ್‌ನಲ್ಲಿ ಗಂಟೆಗೆ 91 ಮೈಲಿ, ಅಂದರೆ ಸುಮಾರು 146 ಕಿಲೋಮೀಟರ್ ಗಾಳಿ. ಸಾಲು ಅಲ್ಲಿಗೆ ನಿಲ್ಲಲಿಲ್ಲ. ಒಹಾಯೊ ದಾಟಿ, ಅಪಲಾಚಿಯನ್ ಬೆಟ್ಟ ಹತ್ತಿ ಇಳಿದು, ರಾತ್ರಿ ವಾಷಿಂಗ್ಟನ್ ಮುಟ್ಟಿತು. ಅಲ್ಲೂ ಆ ದಿನ 104 ಇತ್ತು. ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು, ಬಿಸಿ ಮಾತ್ರ ಇಳಿಯಲಿಲ್ಲ. ಫ್ಯಾನ್ ಕೂಡ ಇಲ್ಲದೆ ವಯಸ್ಸಾದವರು ದಿನಗಟ್ಟಲೆ ಕಳೆದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಂಥ ಉದ್ದನೆಯ ಗಾಳಿಯ ದಾಳಿಗೆ ಡೆರೇಚೊ ಎಂದು ಹೆಸರು. ಸ್ಪ್ಯಾನಿಷ್‌ನಲ್ಲಿ ನೇರ ಎಂದರ್ಥ. 1888ರಲ್ಲಿ ಅಯೋವಾದ ವಿಜ್ಞಾನಿ ಗುಸ್ಟಾವಸ್ ಹಿನ್ರಿಕ್ಸ್ ಇಟ್ಟ ಹೆಸರು. ಸುತ್ತುವ ಸುಂಟರಗಾಳಿಯಿಂದ ಇದನ್ನು ಬೇರೆ ಮಾಡಿ ತೋರಿಸಬೇಕಿತ್ತು ಅವರಿಗೆ. ಕೆಲಸ ಮಾಡುವ ರೀತಿ ನೇಗಿಲಿನ ಹಾಗೆ. ಮಳೆ ಒಣಗಾಳಿಯಲ್ಲಿ ಆವಿಯಾಗಿ ಗಾಳಿಯನ್ನು ತಣ್ಣಗೆ, ಭಾರ ಮಾಡುತ್ತದೆ. ಆ ಗಾಳಿ ಕೆಳಗೆ ಬಿದ್ದು ಮುಂದಕ್ಕೆ ನುಗ್ಗುತ್ತದೆ. ಮುಂದಿರುವ ಸೆಕೆ ಗಾಳಿಯನ್ನು ನೇಗಿಲು ಮಣ್ಣು ಎತ್ತಿದ ಹಾಗೆ ಎತ್ತುತ್ತದೆ, ಕೆನೆಯನ್ನು ಬಲವಂತವಾಗಿ ಸೀಳುತ್ತದೆ. ಹೊಸ ಮೋಡ, ಹೊಸ ಮಳೆ, ಮತ್ತೆ ತಣ್ಣನೆ ಗಾಳಿ. ರೇಡಾರಿನಲ್ಲಿ ಸಾಲು ಬಿಲ್ಲಿನಂತೆ ಬಾಗಿ ಕಂಡರೆ, ಬಾಗಿದ ಮುಂಭಾಗದಲ್ಲಿ ಇರುವವರು ಒಳಗೆ ಹೋಗಬೇಕು.

ರಾತ್ರಿ 2ಕ್ಕೆ ಯಾಕೆ ಗುಡುಗು

ನಮ್ಮ ಕಡೆ ಏಪ್ರಿಲ್, ಮೇ ಗುಡುಗು ಮಳೆ ಹೆಚ್ಚಾಗಿ ಸಂಜೆಯದು. ಇಲ್ಲಿ ಎಷ್ಟೋ ಸಲ ನಡುರಾತ್ರಿ. ಹಗಲು ನೆಲದ ಉಜ್ಜಾಟ ಕೆಳಗಿನ ಗಾಳಿಯನ್ನು ಹಿಡಿದಿಟ್ಟಿರುತ್ತದೆ. ಸೂರ್ಯ ಮುಳುಗಿ ನೆಲ ತಣ್ಣಗಾದರೆ ಆ ಹಿಡಿತ ಬಿಡುತ್ತದೆ. ನೆಲದಿಂದ ಅರ್ಧ, ಒಂದು ಕಿಲೋಮೀಟರ್ ಮೇಲೆ ದಕ್ಷಿಣದ ಗಾಳಿ ಜೋರಾಗುತ್ತದೆ. ಕೊಲ್ಲಿಯ ನೀರನ್ನು ಹೊತ್ತು ಬಂದು ಗುಮ್ಮಟದ ಅಂಚಿನ ಹತ್ತಿರ ನಿಧಾನವಾಗಿ ರಾಶಿ ಹಾಕುತ್ತದೆ. ರಾಶಿಯಾದದ್ದು ಮೇಲೇಳಲೇಬೇಕು. ಹಾಗಾಗಿ ಸಂಜೆ 7ರ ಬಲೂನು ನೋಡಿ "ಇವತ್ತು ಮುಗೀತು" ಎಂದು ಮಲಗಬೇಡಿ.

ಎಚ್ಚರಿಕೆಯ ಮಾತುಗಳ ಬಗ್ಗೆ ಎರಡೇ ಸಾಲು. ಬಿರುಗಾಳಿಯ ಮುನ್ಸೂಚನೆ ಕೊಡುವ, ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ನಕ್ಷೆಯಲ್ಲಿ ಅಪಾಯದ 5 ಹಂತಗಳಿವೆ, ಎರಡನೆಯದರ ಹೆಸರು ಸ್ಲೈಟ್, ಅಂದರೆ ಅಲ್ಪ. ಹೆಸರು ನೋಡಿ ಹಗುರ ಮಾಡಬೇಡಿ. ವಾಚ್ ಅಂದರೆ ಹಾಲು ಕಾಯುತ್ತಿದೆ, ವಾರ್ನಿಂಗ್ ಅಂದರೆ ಉಕ್ಕಿದೆ ಅಥವಾ ಈಗಲೇ ಉಕ್ಕಲಿದೆ. ಗಾಳಿ ಗಂಟೆಗೆ 58 ಮೈಲಿ ಅಥವಾ ಆಲಿಕಲ್ಲು 1 ಇಂಚು ಮುಟ್ಟಿದರೆ ಗುಡುಗು ಮಳೆಯ ವಾರ್ನಿಂಗ್ ಬರುತ್ತದೆ. ಇಲಿನಾಯ್‌ನಲ್ಲಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10ಕ್ಕೆ ಕೂಗುವ ಸೈರನ್ ಬರೀ ಪರೀಕ್ಷೆ, ಹೊಸದಾಗಿ ಬಂದವರು ಗಾಬರಿಯಾಗಬೇಡಿ.

ರಾತ್ರಿ ಮಳೆ ಹೊಡೆದು ಹೋದ ಮಾರನೆಯ ಬೆಳಗ್ಗೆ ರೇಡಾರ್ ಇನ್ನೊಮ್ಮೆ ತೆರೆಯಿರಿ. ಮಳೆ ಎಲ್ಲೂ ಇರುವುದಿಲ್ಲ. ಆದರೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ನಿಧಾನಕ್ಕೆ ದಕ್ಷಿಣಕ್ಕೆ ಸರಿಯುತ್ತಿರಬಹುದು. ಅದು ರಾತ್ರಿಯ ತಣ್ಣನೆ ಗಾಳಿಯ ಅಂಚು. ಅಲ್ಲಿ ಸಿಕ್ಕಿಕೊಂಡ ಧೂಳು, ಹುಳುಗಳೇ ಹಾಗೆ ಗೆರೆಯಾಗಿ ಕಾಣುವುದು. ಅದು ಎಲ್ಲಿ ಹೋಗಿ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಮತ್ತೆ ಡ್ಯೂ ಪಾಯಿಂಟ್ 70 ದಾಟಿದರೆ, ಕೆನೆ ಮೊದಲು ಉಬ್ಬುವುದು ಹೆಚ್ಚಾಗಿ ಆ ಗೆರೆಯ ಮೇಲೇ.