ಅಂಗಡಿಯ ಟಿವಿಯಲ್ಲಿ ಗಿಳಿಯೇ ಯಾಕೆ?

ಕಳೆದ ದೀಪಾವಳಿಗೆ ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಶೋರೂಮಿಗೆ ಬಾವನ ಜೊತೆ ಹೋಗಿದ್ದೆ. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಒಂದೇ ಗಿಳಿ. ಕೆಂಪು ಮೈ, ನೀಲಿ ರೆಕ್ಕೆ, ನಿಧಾನವಾಗಿ ಕತ್ತು ತಿರುಗಿಸುತ್ತದೆ. ಗಿಳಿ ಹೋದರೆ ದ್ರಾಕ್ಷಿಯ ಮೇಲೆ ನೀರ ಹನಿ, ಆಮೇಲೆ ನೀರಿನೊಳಗೆ ಹರಡುವ ಶಾಯಿ. "ಪುಕ್ಕ ಎಣಿಸಬಹುದು ಮಾರಾಯ" ಎಂದರು ಬಾವ. ಸಾಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತಿದ್ದುದನ್ನೇ ತಂದೆವು. ಕುಲಶೇಖರದ ಮನೆಯಲ್ಲಿ ಗೋಡೆಗೆ ಹಾಕಿಸಿ ಸಂಜೆಯ ವಾರ್ತೆ ಇಟ್ಟಾಗ ಅಮ್ಮ ಕೇಳಿದರು: "ಎಂತ ಇದು, ಈ ಹುಡುಗಿಗೆ ಬಿಸಿಲು ಹೊಡೆದದ್ದಾ?" ವಾರ್ತೆ ಓದುವವಳ ಮುಖ ಮಂಗಳೂರು ಹಂಚಿನ ಬಣ್ಣಕ್ಕೆ ತಿರುಗಿತ್ತು.

ಟಿವಿ ಕೆಟ್ಟಿರಲಿಲ್ಲ. ಅದು ಇನ್ನೂ ಅಂಗಡಿಯ ವೇಷದಲ್ಲೇ ಇತ್ತು.

ಯಕ್ಷಗಾನದ ಚೌಕಿಗೆ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಹೋಗಿ ಬಣ್ಣದ ವೇಷವನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತಿರುವ ವಿಷಯವೇ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಮೇಲೆ ಚುಕ್ಕಿಚುಕ್ಕಿಯಾಗಿ ಅಕ್ಕಿಹಿಟ್ಟಿನ ಚಿಟ್ಟಿ. ಟ್ಯೂಬ್‌ಲೈಟಿನಡಿ ಒಂದು ಮೊಳ ದೂರದಿಂದ ನೋಡಿದರೆ ಅದೆಲ್ಲ ಅತಿ ಅನಿಸುತ್ತದೆ. ಅದು ದೊಂದಿಯ ಬೆಳಕಿಗೆಂದು, ಗದ್ದೆಯ ಆ ತುದಿಯಲ್ಲಿ ಕೂತವನಿಗೆಂದು ಬರೆದ ಮುಖ. ಟಿವಿಗಳಲ್ಲಿ 'ಸ್ಟೋರ್ ಮೋಡ್' ಎಂಬ ಸೆಟ್ಟಿಂಗ್ ಇರುವುದೂ ಹಾಗೆಯೇ, ಇನ್ನೊಂದು ಜಾಗದ ಬೆಳಕಿಗಾಗಿ. ಅದರಲ್ಲಿ ಹೊಳಪು ತುದಿಗೇರಿರುತ್ತದೆ, ಬಣ್ಣಕ್ಕೂ ಕಡಿವಾಣ ಇರುವುದಿಲ್ಲ. ಎಷ್ಟೋ ಟಿವಿಗಳಲ್ಲಿ ನೀವು ಅದನ್ನು ತಗ್ಗಿಸಿದರೂ ಕೆಲವು ನಿಮಿಷಗಳಲ್ಲಿ ತಾನಾಗಿ ಮೊದಲಿನಂತಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ರಾತ್ರಿ ನಮ್ಮ ಚಾವಡಿಯಲ್ಲಿ ಒಂದು ಟ್ಯೂಬ್‌ಲೈಟ್ ಉರಿದರೆ ಬೆಳಕು ಸುಮಾರು 50ರಿಂದ 100 ಲಕ್ಸ್. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಶೋರೂಮಿನಲ್ಲಿ 500 ದಾಟುವುದು ಸಾಮಾನ್ಯ. ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲನ್ನು ಪರದೆ ವಾಪಸು ಚೆಲ್ಲುತ್ತದೆ ಎಂದಿಟ್ಟುಕೊಂಡರೆ, 500 ಲಕ್ಸಿನಲ್ಲಿ ಅದು ಸುಮಾರು 3 ನಿಟ್ ಆಗುತ್ತದೆ. ನಿಟ್ ಅಂದರೆ ಪರದೆಯ ಹೊಳಪಿನ ಅಳತೆ. ಸಾಧಾರಣ ಎಲ್‌ಸಿಡಿ ಪರದೆಯ ಬಿಳಿ 300 ನಿಟ್, ಕಪ್ಪು 0.3 ನಿಟ್ ಎನ್ನಿ. ಕಪ್ಪಿಗಿಂತ ಬಿಳಿ 1,000 ಪಟ್ಟು ಬೆಳಗಬೇಕು. ಆ 3 ನಿಟ್ ಎರಡರ ಮೇಲೂ ಕೂತಾಗ ಉಳಿಯುವುದು 100 ಪಟ್ಟಿಗೂ ಕಮ್ಮಿ. ಕಪ್ಪು ಬೂದಿಬಣ್ಣಕ್ಕೆ ಬಂತು. ಪಾಪ, ಇದರಲ್ಲಿ ಜಾಸ್ತಿ ಸೋಲುವುದು ಓಎಲ್ಇಡಿ ಟಿವಿ. ಪ್ರತಿ ಚುಕ್ಕಿಯನ್ನೂ ಪೂರ್ತಿ ಆರಿಸಿ ಕಾಡಿಗೆಯಂಥ ಕಪ್ಪು ಕೊಡುವುದೇ ಅದರ ಹೆಚ್ಚುಗಾರಿಕೆ. ದುಡ್ಡು ಕೊಡಬೇಕಾದದ್ದು ಯಾವುದಕ್ಕೋ ಅದೇ ಅಂಗಡಿಯಲ್ಲಿ ಕಾಣುವುದಿಲ್ಲ!

ಇನ್ನು ನಮ್ಮ ಕಣ್ಣು. ಅದು ಅಳೆಯುವುದಕ್ಕಿಂತ ಹೋಲಿಸುವುದೇ ಹೆಚ್ಚು. ಭಾರ ಎತ್ತಿಸಿ ಪರೀಕ್ಷೆ ಮಾಡಿದ ಜರ್ಮನಿಯ ಎರ್ನ್ಸ್ಟ್ ವೇಬರ್ 1834ರಲ್ಲೇ ಇದರ ಜಾಡು ಹಿಡಿದಿದ್ದ: ನಮಗೆ ಗೊತ್ತಾಗುವುದು ಎಷ್ಟು ಹೆಚ್ಚಾಯಿತು ಎಂಬುದಲ್ಲ, ಇದ್ದುದರ ಎಷ್ಟನೇ ಪಾಲು ಹೆಚ್ಚಾಯಿತು ಎಂಬುದು. ಬೆಳಕಿಗೂ ಹೆಚ್ಚುಕಡಿಮೆ ಇದೇ ಮಾತು. ಆದ್ದರಿಂದ ಸಾಲಿನಲ್ಲಿಟ್ಟ ಹತ್ತು ಟಿವಿಗಳಲ್ಲಿ ತುಸು ಹೆಚ್ಚು ಹೊಳೆದದ್ದು ಗೆಲ್ಲುತ್ತದೆ, ಪಕ್ಕದ್ದು ಒಳ್ಳೆಯದಿದ್ದರೂ ಸಪ್ಪೆ. ಬಿಳಿಗೆ ಒಂಚೂರು ನೀಲಿ ಬೆರೆಸಿದರೆ ಇನ್ನೂ ಬೆಳ್ಳಗೆ ಕಾಣುತ್ತದೆ. ಪಂಚೆಗೆ ನೀಲಿ ಹಾಕಿ ಒಣಗಿಸುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಚಿತ್ರ ತಯಾರಿಸುವವರು ಒಪ್ಪಿಕೊಂಡ ಬಿಳಿ ಸುಮಾರು 6,500 ಕೆಲ್ವಿನ್. ಈ ಅಳತೆ ಏರಿದಷ್ಟೂ ಬಿಳಿ ನೀಲಿಗೆ, ಇಳಿದಷ್ಟೂ ಹಳದಿಗೆ ವಾಲುತ್ತದೆ. ಅಂಗಡಿಯ ಟಿವಿ ಅದಕ್ಕಿಂತ ಎಷ್ಟೋ ನೀಲಿ.

ಗಿಳಿಯ ಪ್ರಶ್ನೆಗೆ ಬರುತ್ತೇನೆ. ಆ ಗಿಳಿ ದಕ್ಷಿಣ ಅಮೆರಿಕದ ಕಾಡಿನದು. ಅದರ ಕೆಂಪು ಎಷ್ಟು ಕೆಂಪು ಎಂದು ನಮ್ಮಲ್ಲಿ ಯಾರಿಗೆ ಗೊತ್ತು? ಆದರೆ ಮನುಷ್ಯರ ಚರ್ಮ, ಬಾಳೆ ಎಲೆ, ಮಳೆಗಾಲದ ಆಕಾಶ, ಇವುಗಳ ಬಣ್ಣ ನಮ್ಮ ತಲೆಯಲ್ಲಿ ಅಚ್ಚಾಗಿದೆ, ಒಂದಿಷ್ಟು ಏರುಪೇರಾದರೂ ಸಿಕ್ಕಿಬೀಳುತ್ತದೆ. ನನ್ನ ಲೆಕ್ಕದಲ್ಲಿ ಶೋರೂಮಿನ ಗೋಡೆಯ ಮೇಲೆ ಮನುಷ್ಯರ ಮುಖ ಅಪರೂಪವಾಗಿರುವುದು ಇದಕ್ಕೇ. ಅಮ್ಮ ಒಂದೇ ನೋಟಕ್ಕೆ ಹಿಡಿದದ್ದೂ ಮುಖವನ್ನೇ.

ಪುಕ್ಕ ಎಣಿಸುವ ಮಾತೂ ಅಷ್ಟೆ. ಅಂಗಡಿಯ ಚಿತ್ರ 4ಕೆ: 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ ಚುಕ್ಕಿ. ನಮ್ಮ ಕೇಬಲ್ಲಿನ ಹಳೆಯ ಎಸ್‌ಡಿ ಚಾನೆಲ್ 720ಕ್ಕೆ 576, ಸುಮಾರು 4 ಲಕ್ಷ. ಇಪ್ಪತ್ತು ಚುಕ್ಕಿಗಳಲ್ಲಿ ಒಂದರಷ್ಟು ಮಾಹಿತಿ ಮಾತ್ರ ಹೊರಗಿನಿಂದ ಬರುತ್ತದೆ, ಉಳಿದದ್ದನ್ನು ಟಿವಿ ಊಹಿಸಿ ತುಂಬುತ್ತದೆ. ಲ್ಯಾಪ್‌ಟಾಪ್ ಕೌಂಟರಿನಲ್ಲೂ ಇಂಥದೇ ಒಂದುಂಟು: ಫಳಫಳ ಹೊಳೆಯುವ ಪರದೆಯನ್ನು ಮನೆಗೆ ತಂದು ಕಿಟಕಿಗೆ ಬೆನ್ನು ಹಾಕಿ ಕೂತರೆ ಕಾಣುವುದು ನಮ್ಮದೇ ಮುಖ ಮತ್ತು ಹಿಂದಿನ ತೆಂಗಿನಮರ.

ಸೇಲ್ಸ್ ಹುಡುಗನ ಮೇಲೆ ಸಿಟ್ಟಾಗಿ ಫಲವಿಲ್ಲ. ಪಕ್ಕದ ಟಿವಿ ಕುಣಿಯುತ್ತಿರುವಾಗ ಇವನದೊಂದೇ ಸುಮ್ಮನೆ ಕೂತರೆ ಯಾರು ತಗೊಳ್ಳುತ್ತಾರೆ? ಆದರೆ ಒಂದು ಪೆನ್‌ಡ್ರೈವಿನಲ್ಲಿ ಮನೆಯವರ ಮುಖ ಇರುವ ವಿಡಿಯೋ, ರಾತ್ರಿಯಾಟದ ಒಂದು ತುಣುಕು ಹಾಕಿಕೊಂಡು ಹೋಗಿ ಕೇಳಬಹುದು. ಹೆಚ್ಚಿನವರು ಹಾಕಿ ತೋರಿಸುತ್ತಾರೆ. ನಾನು ಹೋಗಿರಲಿಲ್ಲ.

ಆ ರಾತ್ರಿ ಮೆನು ಹುಡುಕಿ 'ಸ್ಟೋರ್' ಇದ್ದುದನ್ನು 'ಹೋಮ್' ಮಾಡಿ, ಚಿತ್ರವನ್ನು 'ಸಿನಿಮಾ'ಕ್ಕೆ ಹಾಕಿದೆ. "ಈಗ ಹಳದಿ ಆಯ್ತಲ್ಲ, ವೋಲ್ಟೇಜ್ ಇಲ್ವಾ?" ಎಂದರು ಅಮ್ಮ. ಕಣ್ಣು ಹೊಸ ಬಿಳಿಗೆ ಒಗ್ಗಬೇಕಷ್ಟೆ, ನಾಲ್ಕು ದಿನ ಬಿಡಿ ಎಂದೆ. ವಾರ ಕಳೆದು ಬಾವ ಬಂದರು. ಅಂಗಡಿಯಲ್ಲಿ ಹೀಗಿರಲಿಲ್ಲವಲ್ಲ ಎಂದು ರಿಮೋಟ್ ಒತ್ತಿ ಹಳೆಯ ಸೆಟ್ಟಿಂಗಿಗೇ ತಂದರು. ಅಮ್ಮ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು, "ಅಯ್ಯೋ, ಮೊದಲು ಅದನ್ನು ತೆಗೀರಿ" ಎಂದರು.