ಫ್ಲೈಟ್ ಡಿಸ್ಟೆನ್ಸ್ ಅಂದರೆ ವಿಮಾನ ಹಾರಿದ ದೂರ ಅಲ್ಲ

ಎರಡು ಏರ್‌ಪೋರ್ಟ್‌ಗಳ ‘ಫ್ಲೈಟ್ ಡಿಸ್ಟೆನ್ಸ್’ ತೆಗೆದುಕೊಳ್ಳುವುದು, ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸುವುದು, ಬಂದ ಉತ್ತರವನ್ನು ‘ಪ್ರಯಾಣದ ಸಮಯ’ ಅಂತ ಬರೆಯುವುದು. ಈ ಲೆಕ್ಕ ನೋಡಿ ನೋಡಿ ಸಾಕಾಗಿದೆ. ಭಾಗಾಕಾರ ಸರಿಯಾಗೇ ಇರುತ್ತದೆ. ಭಾಗಿಸಿದ ದೂರ ಯಾವುದು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅದು ಗ್ರೇಟ್ ಸರ್ಕಲ್ ದೂರ, ಅಂದರೆ ಮಹಾವೃತ್ತದ ದೂರ. ಎರಡು ಊರುಗಳ ಮೂಲಕ, ಭೂಮಿಯ ನಡುಬಿಂದುವನ್ನೂ ಹಾಯುವಂತೆ ಭೂಮಿಯನ್ನು ಸೀಳಿದರೆ ಮೇಲ್ಮೈಯಲ್ಲಿ ಒಂದು ವೃತ್ತ ಮೂಡುತ್ತದೆ. ಆ ವೃತ್ತದಲ್ಲಿ ಎರಡೂ ಊರುಗಳ ನಡುವಿನ ಚಿಕ್ಕ ತುಂಡೇ ಈ ದೂರ. ನೆಲದ ಮೇಲೆ ಇದಕ್ಕಿಂತ ಗಿಡ್ಡ ದಾರಿ ಇಲ್ಲ. ವಿಮಾನದವರು ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದೂ ಇಂಥ ವೃತ್ತದಿಂದಲೇ: ಒಂದು ಡಿಗ್ರಿಯಲ್ಲಿ 60ನೇ ಒಂದು ಪಾಲು. ಈಗ ಅದನ್ನು 1,852 ಮೀಟರ್ ಎಂದು ನಿಗದಿ ಮಾಡಿದ್ದಾರೆ.

ಟೋಕಿಯೊ–ನ್ಯೂಯಾರ್ಕ್ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಊರುಗಳು. ಗೋಡೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಪೆಸಿಫಿಕ್ ಸಾಗರದ ಮೇಲೆ ಸೀದಾ ಪೂರ್ವಕ್ಕೆ ಹೋಗುತ್ತದೆ. ಮಹಾವೃತ್ತದ ದಾರಿ ಹಾಗಲ್ಲ. ಅದು ಅಲಾಸ್ಕಾ ದಾಟಿ, ಆರ್ಕ್‌ಟಿಕ್ ವೃತ್ತದ ಒಳಹೊಕ್ಕು ಕೆಳಗಿಳಿಯುತ್ತದೆ. ಆದರೂ ಅದರ ಉದ್ದ ಸುಮಾರು 10,800 ಕಿ.ಮೀ. ಅಷ್ಟೆ. ನಕ್ಷೆಯ ನೇರ ಗೆರೆ ಅದಕ್ಕಿಂತ ಸುಮಾರು 2,000 ಕಿ.ಮೀ. ಜಾಸ್ತಿ! ‘ವಿಮಾನ ಸುಮ್ನೆ ಸುತ್ತು ಹಾಕುತ್ತದೆ’ ಅನ್ನುವವರು ಒಮ್ಮೆ ಗ್ಲೋಬ್ ಮೇಲೆ ದಾರ ಎಳೆದು ನೋಡಬೇಕು.

ಇಷ್ಟಾದರೂ ವಿಮಾನ ಆ ಗೆರೆಯ ಮೇಲೇ ಹಾರಬೇಕೆಂದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ, ಕೆಲವೊಮ್ಮೆ ಗಂಟೆಗೆ 300 ಕಿ.ಮೀ.ಗೂ ಮೀರಿ. ಪೂರ್ವಕ್ಕೆ ಹೋಗುವ ವಿಮಾನ ದಾರಿ ಸ್ವಲ್ಪ ಉದ್ದವಾದರೂ ಆ ಗಾಳಿಯನ್ನು ಹುಡುಕಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಹೋಗುವುದು ಅದನ್ನು ತಪ್ಪಿಸಿಕೊಳ್ಳುತ್ತದೆ. ಲಂಡನ್–ನ್ಯೂಯಾರ್ಕ್ ದೂರ ಸುಮಾರು 5,540 ಕಿ.ಮೀ. ನ್ಯೂಯಾರ್ಕ್‌ಗೆ ಹೋಗುವಾಗ ಲಂಡನ್‌ಗೆ ವಾಪಸ್ ಬರುವುದಕ್ಕಿಂತ ಸುಮಾರು ಒಂದು ಗಂಟೆ ಹೆಚ್ಚು ಬೇಕು. 2020ರ ಫೆಬ್ರವರಿಯಲ್ಲಿ, ಬಿರುಗಾಳಿಯ ಹೊತ್ತಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದಿಳಿಯಿತು. ಭಾಗಾಕಾರದಿಂದ ಬರುವ ಸಮಯ ಆರು ಗಂಟೆಗೂ ಮೇಲೆ!

ಗಾಳಿಯಾದರೂ ದಿನ ದಿನ ಬದಲಾಗುತ್ತದೆ. ಮುಚ್ಚಿದ ಆಕಾಶ ಹಾಗಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಫಿನ್ಲೆಂಡ್‌ನ ವಿಮಾನ ಸಂಸ್ಥೆ ಫಿನ್‌ಏರ್‌ಗೆ ಮುಚ್ಚಿತು. ಒಂಬತ್ತು–ಹತ್ತು ಗಂಟೆಯ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಎರಡು ಊರುಗಳ ಫ್ಲೈಟ್ ಡಿಸ್ಟೆನ್ಸ್ ಮಾತ್ರ ಒಂದು ಮೀಟರೂ ಬದಲಾಗಲಿಲ್ಲ.

ಇನ್ನು ಸಮಯ. ವೇಳಾಪಟ್ಟಿಯಲ್ಲಿರುವುದು ಬ್ಲಾಕ್ ಟೈಮ್. ಹೊರಡುವ ಗೇಟು ಬಿಟ್ಟ ಕ್ಷಣದಿಂದ ತಲುಪಿದ ಗೇಟಿನಲ್ಲಿ ನಿಲ್ಲುವವರೆಗೆ, ರನ್‌ವೇಗೆ ಉರುಳುವ, ಸರದಿಗೆ ಕಾಯುವ ಹೊತ್ತೂ ಅದರಲ್ಲಿ ಸೇರುತ್ತದೆ. ಬರೀ ಗಾಳಿಯಲ್ಲಿ ಇದ್ದ ಸಮಯ ಅದಕ್ಕಿಂತ ಕಡಿಮೆ. ಪ್ರಯಾಣಿಕರಿಗೆ ಬೇಕಾದದ್ದು ಬ್ಲಾಕ್ ಟೈಮೇ ಅಲ್ವಾ? ಅದನ್ನು ಆಯಾ ವಿಮಾನದ ವೇಳಾಪಟ್ಟಿಯಲ್ಲಿ, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆಯಾಗಿಯೇ ನೋಡಬೇಕು. ಟಿಕೆಟ್ಟಿನ ಎರಡು ಗಡಿಯಾರದ ಸಮಯ ಕಳೆದರೂ ಅದು ಸಿಗುವುದಿಲ್ಲ, ಯಾಕೆಂದರೆ ಎರಡೂ ಆಯಾ ಊರಿನ ಸ್ಥಳೀಯ ಸಮಯ. ಟೋಕಿಯೊದಲ್ಲಿ ಬೆಳಿಗ್ಗೆ ಹತ್ತಿದವರು ಅದೇ ದಿನ ಬೆಳಿಗ್ಗೆಯೇ ನ್ಯೂಯಾರ್ಕ್‌ನಲ್ಲಿ ಇಳಿಯಬಹುದು.